ಕಾನ್ಫಿಗರೇಶನ್ ಬಿಟ್ ಎಲ್ಲಿ ಬರೆಯಬೇಕು: ಸೋರ್ಸ್ ಕೋಡಿನಲ್ಲೋ, ಬರ್ನ್ ಮಾಡುವ ತಂತ್ರಾಂಶದಲ್ಲೋ?

ಪ್ರಾಜೆಕ್ಟ್ ಸೀಸನ್ ಸುರುವಾದರೆ ಕಲಬುರಗಿ, ಬೀದರ, ಯಾದಗಿರಿ ಕಡೆಯ ಹುಡುಗರಿಂದ ಬರುವ ಪ್ರಶ್ನೆ ಒಂದೇ ಧಾಟಿಯದು: "ಸರ, ಪ್ರೋಟಿಯಸ್‌ದಾಗ ಛಲೋ ಓಡ್ತದ, ಬೋರ್ಡಿಗಿ ಹಾಕಿದ್ರ ಎಲ್‌ಇಡಿನೂ ಹತ್ತಂಗಿಲ್ಲ." ಕೋಡು ಓದಿದರೆ ತಪ್ಪೇನೂ ಇರುವುದಿಲ್ಲ. ಚಿಪ್ ಹೇಗೆ ಸುರುವಾಗಬೇಕೆಂದು ಹೇಳುವ ಕಾನ್ಫಿಗರೇಶನ್ ಬಿಟ್‌ಗಳನ್ನು ಎಲ್ಲಿಯೂ ಬರೆದಿರುವುದಿಲ್ಲ, ಇಲ್ಲವೇ ಎರಡು ಕಡೆ ಬರೆದು ಒಂದಕ್ಕೊಂದು ತಾಳೆಯಾಗುತ್ತಿರುವುದಿಲ್ಲ. ಪ್ರೋಟಿಯಸ್ ಎಂದರೆ ಸರ್ಕಿಟ್ಟನ್ನು ಪರದೆಯ ಮೇಲೆ ಓಡಿಸಿ ತೋರಿಸುವ ತಂತ್ರಾಂಶ. ಅದು ಪಿಕ್ ಎಂಬ ಮೈಕ್ರೋಕಂಟ್ರೋಲರ್ ಚಿಪ್‌ನ ಕ್ಲಾಕನ್ನು ಕಾಂಪೊನೆಂಟಿನ ಪ್ರಾಪರ್ಟಿಯಲ್ಲಿ ಕೊಟ್ಟ ಅಂಕಿಯಿಂದ ತೆಗೆದುಕೊಳ್ಳುತ್ತದೆ. ಕ್ರಿಸ್ಟಲ್ ಇರಲಿ ಬಿಡಲಿ, ಆಸಿಲೇಟರ್ ಬಿಟ್ ಸರಿಯಿರಲಿ ಬಿಡಲಿ, ಪರದೆಯ ಮೇಲೆ ಎಲ್‌ಇಡಿ ಮಿನುಗುತ್ತದೆ. ನಿಜವಾದ ಚಿಪ್ ಹಾಗೆ ಬಿಟ್ಟುಕೊಡುವುದಿಲ್ಲ.

ಆ ಗೊಂದಲ ಬಗೆಹರಿದ ಮೇಲೆ ಎರಡನೇ ಪ್ರಶ್ನೆ ಏಳುತ್ತದೆ. ಈ ಬಿಟ್‌ಗಳನ್ನು ಸಿ ಫೈಲಿನಲ್ಲೇ ಬರೆಯಬೇಕೋ, ಬರ್ನ್ ಮಾಡುವಾಗ, ಅಂದರೆ ಚಿಪ್‌ಗೆ ಪ್ರೋಗ್ರಾಮು ತುಂಬುವಾಗ, ತಂತ್ರಾಂಶದ ಕಿಟಕಿಯಲ್ಲಿ ಟಿಕ್ ಹಾಕಬೇಕೋ, ಅಥವಾ ಕಮಾಂಡ್ ಸ್ಕ್ರಿಪ್ಟಿನಲ್ಲಿ ಕೊಡಬೇಕೋ? ಮೂರೂ ನಡೆಯುತ್ತವೆ. ಆದರೆ ಪಿಕ್‌ಗೆ ಸರಿಯಾದ ಉತ್ತರ ಎವಿಆರ್ ಎಂಬ ಇನ್ನೊಂದು ಬಗೆಯ ಚಿಪ್‌ಗೆ ಸರಿಯಲ್ಲ, ಪ್ರಾಜೆಕ್ಟಿಗೆ ಸಾಕಾದದ್ದು ನೂರು ಬೋರ್ಡ್ ಮಾರುವವರಿಗೆ ಸಾಲದು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಚಿಪ್‌ಗೆ ಕರೆಂಟ್ ಬಂದ ಕೂಡಲೇ, ನಿಮ್ಮ ಪ್ರೋಗ್ರಾಮಿನ ಮೊದಲ ಸಾಲು ಓಡುವುದಕ್ಕಿಂತ ಮುಂಚೆ, ಹಾರ್ಡ್‌ವೇರ್ ಓದಿಕೊಳ್ಳುವ ಬಿಟ್‌ಗಳು ಇವು. ಕ್ಲಾಕ್ ಎಲ್ಲಿಂದ ಬರಬೇಕು, ಪ್ರೋಗ್ರಾಮು ಸಿಕ್ಕಿಬಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಚಾಲೂ ಇರಬೇಕೇ, ವೋಲ್ಟೇಜ್ ಎಷ್ಟಕ್ಕೆ ಇಳಿದರೆ ರೀಸೆಟ್ ಆಗಬೇಕು, ಕೋಡನ್ನು ಹೊರಗಿನವರು ಓದಬಹುದೇ ಎಂಬುದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ. ಪಿಕ್‌ನ ಸಿ ಕಂಪೈಲರ್ ಎಕ್ಸ್‌ಸಿ8ರಲ್ಲಿ ಬರೆಯುವ ಎಕ್ಸ್‌ಟಾಲ್ ಫ್ರೀಕ್ವೆನ್ಸಿಯ ಅಂಕಿಯಾಗಲಿ, ಎವಿಆರ್ ಕೋಡಿನ ಎಫ್_ಸಿಪಿಯು ಅಂಕಿಯಾಗಲಿ ಕ್ಲಾಕನ್ನು ಬದಲಿಸುವುದಿಲ್ಲ. ಡಿಲೇ ಮತ್ತು ಬಾಡ್ ರೇಟ್ (ಸೀರಿಯಲ್ ಸಂಪರ್ಕದ ವೇಗ) ಲೆಕ್ಕ ಹಾಕಲು ಕಂಪೈಲರ್‌ಗೆ ಕೊಡುವ ಮಾಹಿತಿ ಅದು, ಅಷ್ಟೇ. ಈ ಎರಡನ್ನು ಒಂದೇ ಎಂದು ತಿಳಿದವರು ಬಹಳ ಮಂದಿ, ಅರ್ಧಕ್ಕರ್ಧ ತೊಂದರೆಯ ಮೂಲವೂ ಅದೇ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಆಯ್ಕೆಗೆ ಮುಂಚೆ ನಿಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಆರು ತಿಂಗಳ ಮೇಲೆ ಬೇರೆಯವರು, ಬೇರೆ ಕಂಪ್ಯೂಟರಿನಲ್ಲಿ, ಇದೇ ಚಿಪ್ಪನ್ನು ಇದೇ ರೀತಿ ಬರ್ನ್ ಮಾಡಬಲ್ಲರೇ? ಬರ್ನ್ ಮಾಡುವವರು ನೀವೇನಾ, ಅಂಗಡಿಯ ಹುಡುಗನಾ, ಜೋಡಣೆ ಮಾಡುವ ಕೆಲಸಗಾರರಾ? ಈ ಸೆಟ್ಟಿಂಗ್ ಸರ್ಕಿಟ್ಟಿಗೆ ಸೇರಿದ್ದೋ, ಪ್ರತಿ ಚಿಪ್‌ಗೂ ಬೇರೆ ಬೇರೆಯೋ? ತಪ್ಪಾದರೆ ಚಿಪ್ ಮರಳಿ ಸಿಗುತ್ತದೋ, ಎಸೆಯಬೇಕೋ? ಕೈಯಲ್ಲಿರುವ ಬರ್ನರ್ ಯಾವ ಫೈಲ್ ತೆಗೆದುಕೊಳ್ಳುತ್ತದೆ, ಕಂಪೈಲರ್ ಕೊಡುವ ಹೆಕ್ಸ್ ಫೈಲ್ ಮಾತ್ರವೋ, ಇಎಲ್‌ಎಫ್ ಫೈಲ್ ಕೂಡವೋ?

ಇವುಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬೋರ್ಡಿನ ಮೇಲೆ 20 ಮೆಗಾಹರ್ಟ್ಸ್ ಕ್ರಿಸ್ಟಲ್ ಬೆಸುಗೆ ಹಾಕಿದ್ದೀರಿ ಎಂದರೆ ಆಸಿಲೇಟರ್ ಸೆಟ್ಟಿಂಗ್ ಆ ಸರ್ಕಿಟ್ಟಿಗೂ ಆ ಕೋಡಿಗೂ ಸೇರಿದ್ದು. ಅದು ಕೋಡಿನ ಜೊತೆಗೇ ಇರಬೇಕು. ಮಾರಾಟಕ್ಕೆ ಹೋಗುವ ಪೀಸಿನ ಸೀರಿಯಲ್ ನಂಬರ್ ಇತ್ಯಾದಿ ಬರ್ನ್ ಮಾಡುವ ಮೇಜಿಗೆ ಸೇರಿದ್ದು. ಈ ಗೆರೆಯನ್ನು ಎಳೆದುಕೊಂಡರೆ ಮುಂದಿನ ಬಹುಪಾಲು ತೀರ್ಮಾನ ತಾನಾಗಿಯೇ ಆಗುತ್ತದೆ.

ಪಿಕ್ ಚಿಪ್: ಸೋರ್ಸ್ ಕೋಡಿಗೇ ಮೊದಲ ಓಟು

ನಮ್ಮ ಕಡೆಯ ಲ್ಯಾಬುಗಳಲ್ಲಿ, ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪಿಕ್ 16ಎಫ್877ಎ ತೆಗೆದುಕೊಳ್ಳೋಣ. ಅದರ ಕಾನ್ಫಿಗರೇಶನ್ ವರ್ಡ್ ಒಂದೇ, ವಿಳಾಸ ಹೆಕ್ಸ್ (16ರ ಮೂಲದ ಸಂಖ್ಯೆ) 2007. ಎಕ್ಸ್‌ಸಿ8 ಕಂಪೈಲರಿನಲ್ಲಿ ಎಂಟು ಸಾಲು ಸಾಕು. ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಡೇಟಾಶೀಟಿನ ಅಕ್ಷರಗಳನ್ನೇ ಬಳಸಿ:

#ಪ್ರಾಗ್ಮಾ ಕಾನ್ಫಿಗ್ ಎಫ್‌ಒಎಸ್‌ಸಿ = ಎಚ್‌ಎಸ್
#ಪ್ರಾಗ್ಮಾ ಕಾನ್ಫಿಗ್ ಡಬ್ಲ್ಯುಡಿಟಿಇ = ಆಫ್
#ಪ್ರಾಗ್ಮಾ ಕಾನ್ಫಿಗ್ ಪಿಡಬ್ಲ್ಯುಆರ್‌ಟಿಇ = ಆನ್
#ಪ್ರಾಗ್ಮಾ ಕಾನ್ಫಿಗ್ ಬಿಒಆರ್‌ಇಎನ್ = ಆನ್
#ಪ್ರಾಗ್ಮಾ ಕಾನ್ಫಿಗ್ ಎಲ್‌ವಿಪಿ = ಆಫ್
#ಪ್ರಾಗ್ಮಾ ಕಾನ್ಫಿಗ್ ಸಿಪಿಡಿ = ಆಫ್
#ಪ್ರಾಗ್ಮಾ ಕಾನ್ಫಿಗ್ ಡಬ್ಲ್ಯುಆರ್‌ಟಿ = ಆಫ್
#ಪ್ರಾಗ್ಮಾ ಕಾನ್ಫಿಗ್ ಸಿಪಿ = ಆಫ್

ಈ ಎಂಟು ಸಾಲು ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅಳಿಸಿದ ಚಿಪ್‌ನಲ್ಲಿ ಎಲ್ಲ ಬಿಟ್‌ಗಳೂ 1. ಹಾಗಿದ್ದಾಗ ಆಸಿಲೇಟರ್ ಆರ್‌ಸಿ ಮೋಡಿನಲ್ಲಿರುತ್ತದೆ, ಕ್ರಿಸ್ಟಲ್ ಅಲುಗುವುದಿಲ್ಲ. ವಾಚ್‌ಡಾಗ್ ಚಾಲೂ ಇರುತ್ತದೆ, ಹೇಗೋ ಕ್ಲಾಕ್ ಬಂದರೂ ಪ್ರೋಗ್ರಾಮು ಮತ್ತೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಪವರ್-ಅಪ್ ಟೈಮರ್ ಬಿಟ್ ಉಲ್ಟಾ ಇರುವುದರಿಂದ ಅದು ಬಂದ್ ಆಗಿರುತ್ತದೆ. ಎಲ್ಲಕ್ಕಿಂತ ತಲೆ ತಿನ್ನುವುದು ಎಲ್‌ವಿಪಿ, ಅಂದರೆ ಕಡಿಮೆ ವೋಲ್ಟೇಜಿನಲ್ಲಿ ಪ್ರೋಗ್ರಾಮ್ ಮಾಡಲು ಬಿಡುವ ಬಿಟ್. ಅದು ಆನ್ ಇದ್ದರೆ ಆರ್‌ಬಿ3 ಪಿನ್ ಪ್ರೋಗ್ರಾಮಿಂಗ್ ಪಿನ್ ಆಗಿಬಿಡುತ್ತದೆ. ಅದು ಎಲ್ಲಿಗೂ ಜೋಡಿಸದೆ ತೇಲುತ್ತಿದ್ದರೆ ಬೋರ್ಡಿನ ಹತ್ತಿರ ಕೈ ತಂದಾಗ ಚಿಪ್ ನಿಂತುಬಿಡುತ್ತದೆ, ಕೈ ತೆಗೆದರೆ ಓಡುತ್ತದೆ. ಸೋಲ್ಡರಿಂಗ್ ಡ್ರೈ ಆಗಿದೆ ಎಂದು ಜಾಯಿಂಟುಗಳನ್ನೆಲ್ಲ ಮತ್ತೆ ಬೆಸೆಯುತ್ತ ಕೂರುವ ಮೊದಲು ಈ ಒಂದು ಬಿಟ್ ನೋಡಿ.

ಸೋರ್ಸಿನಲ್ಲಿ ಬರೆಯುವ ದೊಡ್ಡ ಲಾಭ ಏನೆಂದರೆ ಆ ಮೌಲ್ಯ ಹೆಕ್ಸ್ ಫೈಲಿನೊಳಗೇ ಸೇರಿಹೋಗುತ್ತದೆ. 16ಎಫ್ ಸರಣಿಯಲ್ಲಿ ಹೆಕ್ಸ್ ಫೈಲ್ ಬೈಟ್ ವಿಳಾಸ ಬಳಸುವುದರಿಂದ 2007 ಎಂಬುದು 400ಇ ಆಗಿ ಕಾಣುತ್ತದೆ. ನೋಟ್‌ಪ್ಯಾಡಿನಲ್ಲಿ ಹೆಕ್ಸ್ ಫೈಲ್ ತೆರೆದು ಕೊನೆಯ ಸಾಲುಗಳಲ್ಲಿ 400ಇ ಹುಡುಕಿ. ಇದ್ದರೆ ಕಾನ್ಫಿಗರೇಶನ್ ಒಳಗಿದೆ. ಇಲ್ಲದಿದ್ದರೆ ಬರ್ನರ್ ತಂತ್ರಾಂಶ ತನಗೆ ತೋಚಿದ್ದನ್ನು ಬರೆಯುತ್ತದೆ. 18ಎಫ್ ಸರಣಿಯಲ್ಲಿ ಈ ಬಿಟ್‌ಗಳು ಹೆಕ್ಸ್ 300000ದಿಂದ ಸುರುವಾಗುತ್ತವೆ.

ಮೇಲಿನ ಎಂಟು ಸಾಲಿನ ಒಟ್ಟು ಮೌಲ್ಯ 3ಎಫ್72. ಕೆಲವು ತಂತ್ರಾಂಶಗಳು ಅದೇ ಚಿಪ್ಪನ್ನು ಓದಿ 2ಎಫ್42 ಎಂದು ತೋರಿಸುತ್ತವೆ. ಹೆದರಬೇಡಿ. ಚಿಪ್‌ನಲ್ಲಿ ಇಲ್ಲದೇ ಇರುವ ಬಿಟ್‌ಗಳನ್ನು ಒಂದು 1 ಎಂದೂ ಇನ್ನೊಂದು 0 ಎಂದೂ ಎಣಿಸಿದ್ದರಿಂದ ಬಂದ ವ್ಯತ್ಯಾಸ ಅದು. ಬಿಟ್ ಬಿಟ್ ಆಗಿ ಹೋಲಿಸಿದರೆ ಎರಡೂ ಒಂದೇ.

ಇನ್ನೊಂದು ಲಾಭವನ್ನು ಮಂದಿ ಗಮನಿಸುವುದಿಲ್ಲ. ಸೋರ್ಸಿನಲ್ಲಿ ಹೆಸರು ತಪ್ಪಾಗಿ ಬರೆದರೆ, ಅಥವಾ ಬೇರೆ ಚಿಪ್‌ನ ಹೆಸರು ಬರೆದರೆ, ಕಂಪೈಲರ್ ಅಲ್ಲೇ ತಡೆಯುತ್ತದೆ. ಕಿಟಕಿಯಲ್ಲಿ ತಪ್ಪು ಟಿಕ್ ಹಾಕಿದರೆ ತಡೆಯುವವರು ಯಾರೂ ಇಲ್ಲ. ಯಾವ ಚಿಪ್‌ಗೆ ಯಾವ ಹೆಸರು ಎಂಬ ಪಟ್ಟಿಗೆ ಇಂಟರ್ನೆಟ್ ಬೇಕಿಲ್ಲ. ಎಕ್ಸ್‌ಸಿ8 ಇನ್‌ಸ್ಟಾಲ್ ಆದ ಫೋಲ್ಡರಿನ ಡಾಕ್ಸ್ ಒಳಗೆ ಚಿಪ್ಸ್ ಎಂಬ ಫೋಲ್ಡರಿದೆ, ಪ್ರತಿ ಚಿಪ್‌ಗೂ ಒಂದೊಂದು ಪುಟ. ಕೋಡು ಬರೆಯುವ ತಂತ್ರಾಂಶ ಎಂಪ್ಲ್ಯಾಬ್ ಎಕ್ಸ್‌ನಲ್ಲಿ ಕಾನ್ಫಿಗರೇಶನ್ ಬಿಟ್ಸ್ ಕಿಟಕಿ ತೆರೆದು, ಬೇಕಾದದ್ದನ್ನು ಆರಿಸಿ, ಸೋರ್ಸ್ ಕೋಡ್ ತಯಾರಿಸುವ ಬಟನ್ ಒತ್ತಿದರೆ ಈ ಸಾಲುಗಳು ಸಿದ್ಧವಾಗಿ ಬರುತ್ತವೆ. ಅವನ್ನು ಕಾಪಿ ಮಾಡಿ ಸಿ ಫೈಲಿಗೆ ಹಾಕಲೇಬೇಕು. ಕಿಟಕಿಯಲ್ಲಿ ಬದಲಿಸಿ ಹಾಗೆಯೇ ಬಿಲ್ಡ್ ಒತ್ತಿದರೆ ಬದಲಾವಣೆ ಹೆಕ್ಸಿಗೆ ಬರುವುದಿಲ್ಲ. ಹಳೆಯ ಎಂಪ್ಲ್ಯಾಬ್ 8ರಿಂದ ಬಂದವರು ಇಲ್ಲಿ ಎಡವುತ್ತಾರೆ.

ಎಡವುವ ಜಾಗ ಇನ್ನೂ ಕೆಲವಿವೆ. ಈ ಸಾಲುಗಳನ್ನು ಹೆಡರ್ ಫೈಲಿನಲ್ಲಿ ಹಾಕಿ ಆ ಹೆಡರನ್ನು ಹಲವು ಸಿ ಫೈಲುಗಳಿಗೆ ಸೇರಿಸಬೇಡಿ, ಒಂದೇ ಒಂದು ಸಿ ಫೈಲಿನಲ್ಲಿ ಇರಲಿ. ಹಳೆಯ ಹೈಟೆಕ್ ಕಂಪೈಲರಿನ ಕಾನ್ಫಿಗ್ ಮ್ಯಾಕ್ರೋ ಇರುವ ಕೋಡನ್ನು ಸೀನಿಯರ್‌ಗಳ ಪೆನ್‌ಡ್ರೈವಿನಿಂದ ತಂದಿದ್ದರೆ ಅದನ್ನು ಪ್ರಾಗ್ಮಾ ರೂಪಕ್ಕೆ ಬದಲಿಸಿಕೊಳ್ಳಿ. 4 ಮೆಗಾಹರ್ಟ್ಸ್‌ವರೆಗಿನ ಕ್ರಿಸ್ಟಲ್‌ಗೆ ಎಕ್ಸ್‌ಟಿ, ಅದಕ್ಕಿಂತ ಮೇಲೆ 20ರವರೆಗೆ ಎಚ್‌ಎಸ್. 20 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ ಎಕ್ಸ್‌ಟಿ ಎಂದು ಬರೆದರೆ ಚಿಪ್ ಸುರುವಾಗುವುದೇ ಇಲ್ಲ, ಅಥವಾ ಒಮ್ಮೆ ಆಗಿ ಒಮ್ಮೆ ಆಗುವುದಿಲ್ಲ. ಕ್ರಿಸ್ಟಲ್‌ನ ಎರಡೂ ಕಾಲಿಗೆ 22 ಪಿಕೋಫ್ಯಾರಡ್ ಕೆಪಾಸಿಟರ್ ಇದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.

18ಎಫ್4550 ಬಳಸುವವರಿಗೆ ಸೋರ್ಸ್ ಬಿಟ್ಟು ಬೇರೆ ದಾರಿಯನ್ನು ಸೂಚಿಸಲಾರೆ. ಅದರಲ್ಲಿ ಬಿಟ್‌ಗಳು ಬಹಳ. ಯುಎಸ್‌ಬಿ ಬೇಕೆಂದರೆ ಕ್ರಿಸ್ಟಲ್ಲಿನ ಅಂಕಿಯನ್ನು ಭಾಗಿಸಿ, ಕ್ಲಾಕನ್ನು ಹೆಚ್ಚಿಸುವ ಪಿಎಲ್‌ಎಲ್‌ಗೆ ಸರಿಯಾಗಿ 4 ಮೆಗಾಹರ್ಟ್ಸ್ ಕೊಡಬೇಕು, 20 ಮೆಗಾಹರ್ಟ್ಸ್ ಆದರೆ ಪಿಎಲ್‌ಎಲ್‌ಡಿಐವಿ 5. ಪಿಬಿಎಡಿಇಎನ್ ಆನ್ ಉಳಿದರೆ ಪೋರ್ಟ್ ಬಿಯ ಮೊದಲ ಐದು ಪಿನ್ ಅನಲಾಗ್ ಆಗಿ ಏಳುತ್ತವೆ, ಬಟನ್ ಒತ್ತಿದರೂ ಓದುವುದಿಲ್ಲ. ಎಕ್ಸ್‌ಇನ್‌ಎಸ್‌ಟಿ ಆಫ್ ಇರದಿದ್ದರೆ ಎಕ್ಸ್‌ಸಿ8 ಕೋಡು ಹುಚ್ಚುಚ್ಚಾಗಿ ವರ್ತಿಸುತ್ತದೆ. ಇಷ್ಟನ್ನು ಪ್ರತಿ ಸಲ ಕೈಯಿಂದ ಟಿಕ್ ಹಾಕುತ್ತೇನೆ ಎನ್ನುವುದು ತೊಂದರೆಯನ್ನು ಕರೆದು ತಂದಂತೆ.

ಡೀಬಗ್ ಮಾಡುವಾಗ ವಾಚ್‌ಡಾಗ್ ಬಂದ್ ಇರಬೇಕು, ಮಾರುವ ಬೋರ್ಡಿನಲ್ಲಿ ಚಾಲೂ ಇರಬೇಕು. ಇದಕ್ಕೂ ಸೋರ್ಸಿನಲ್ಲೇ ಉಪಾಯವಿದೆ. ಡೀಬಗ್ ಬಿಲ್ಡ್ ಮಾಡುವಾಗ ಎಂಪ್ಲ್ಯಾಬ್ ಎಕ್ಸ್ ಎರಡು ಅಂಡರ್‌ಸ್ಕೋರ್ ಮುಂದಿರುವ ಡೀಬಗ್ ಎಂಬ ಮ್ಯಾಕ್ರೋವನ್ನು ತಾನೇ ಡಿಫೈನ್ ಮಾಡುತ್ತದೆ. ಇಫ್‌ಡೆಫ್ ಹಾಕಿ, ಅದು ಇದ್ದಾಗ ಆಫ್, ಇಲ್ಲದಾಗ ಆನ್ ಎಂದು ಬರೆದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಪಿಕ್‌ಗೆ ತಂತ್ರಾಂಶದ ಕಿಟಕಿ ಯಾವಾಗ ಬೇಕು

ಎಲ್ಲರ ಹತ್ತಿರವೂ ಸೋರ್ಸ್ ಇರುವುದಿಲ್ಲ. ಬೇಳೆ ಮಿಲ್ಲಿನ ತೂಕದ ಪ್ಯಾನೆಲ್ಲೋ ಪಂಪಿನ ಸ್ಟಾರ್ಟರ್ ಬೋರ್ಡೋ ಕೆಟ್ಟು ರಿಪೇರಿಗೆ ಬಂದಾಗ ಕೈಯಲ್ಲಿರುವುದು ಒಂದು ಹೆಕ್ಸ್ ಫೈಲ್ ಮಾತ್ರ. ಅದರಲ್ಲಿ ಕಾನ್ಫಿಗರೇಶನ್ ಇಲ್ಲದಿದ್ದರೆ ಪಿಕ್‌ಕಿಟ್ 2 ಬರ್ನರಿನ ತಂತ್ರಾಂಶ ಇಂಪೋರ್ಟ್ ಮಾಡುವಾಗಲೇ ಎಚ್ಚರಿಕೆ ಕೊಡುತ್ತದೆ. ಎಂಪ್ಲ್ಯಾಬ್ 8ರ ಕಾಲದಲ್ಲಿ ಬಿಟ್‌ಗಳನ್ನು ಮೆನುವಿನಲ್ಲಿ ಹೊಂದಿಸಿ, ಎಕ್ಸ್‌ಪೋರ್ಟ್ ಮಾಡದೆ ಬಿಲ್ಡ್ ಫೋಲ್ಡರಿನ ಹೆಕ್ಸನ್ನೇ ಕೊಟ್ಟರೆ ಹೀಗಾಗುತ್ತಿತ್ತು. ಅಂಥ ಫೈಲುಗಳು ಈಗಲೂ ಓಡಾಡುತ್ತಿವೆ. ಆಗ ಬೋರ್ಡಿನ ಮೇಲಿನ ಕ್ರಿಸ್ಟಲ್ಲಿನ ಅಂಕಿ ಓದಿ, ಆರ್‌ಬಿ3 ಎಲ್ಲಿಗೆ ಹೋಗಿದೆ ನೋಡಿ, ತಂತ್ರಾಂಶದಲ್ಲೇ ವರ್ಡ್ ತುಂಬಬೇಕು. ಹಳೆಯ ಚಿಪ್ ಇನ್ನೂ ಜೀವಂತವಿದ್ದರೆ ಮೊದಲು ಅದನ್ನು ಓದಿ. ಕೋಡ್ ಪ್ರೊಟೆಕ್ಟ್ ಆಗಿ ಪ್ರೋಗ್ರಾಮು ಸೊನ್ನೆಯಾಗಿ ಕಂಡರೂ ಕಾನ್ಫಿಗರೇಶನ್ ವರ್ಡ್ ಸಾಮಾನ್ಯವಾಗಿ ಓದಲು ಸಿಗುತ್ತದೆ. ಕ್ಲಾಕ್ ಯಾವುದು ಎಂದು ತಿಳಿಯಲು ಅಷ್ಟು ಸಾಕು.

ಸೋರ್ಸಿನಿಂದ ಹೇಳಲಾಗದ ಮೌಲ್ಯವೂ ಒಂದುಂಟು. ಪಿಕ್ 12ಎಫ್675ರಲ್ಲಿ ಕಾನ್ಫಿಗರೇಶನ್ ವರ್ಡಿನ ಮೇಲಿನ ಎರಡು ಬಿಟ್ ಬ್ಯಾಂಡ್‌ಗ್ಯಾಪ್ ಕ್ಯಾಲಿಬ್ರೇಶನ್, ಪ್ರೋಗ್ರಾಮ್ ಮೆಮೊರಿಯ ಕಟ್ಟಕಡೆಯ ಜಾಗ ಹೆಕ್ಸ್ 3ಎಫ್‌ಎಫ್‌ನಲ್ಲಿ ಒಳಗಿನ ಆಸಿಲೇಟರಿನ ಕ್ಯಾಲಿಬ್ರೇಶನ್. ಇವೆರಡನ್ನೂ ಫ್ಯಾಕ್ಟರಿಯಲ್ಲಿ ಪ್ರತಿ ಚಿಪ್‌ಗೂ ಅಳೆದು ಬರೆದಿರುತ್ತಾರೆ. ಒಳ್ಳೆಯ ಬರ್ನರ್ ಅಳಿಸುವ ಮೊದಲು ಇವನ್ನು ಓದಿಟ್ಟು ಮರಳಿ ಬರೆಯುತ್ತದೆ. ಕೈಯಿಂದ ಮಾಡಿದ ಸಾದಾ ಬರ್ನರ್ ಕೆಲವೊಮ್ಮೆ ಒರೆಸಿಹಾಕುತ್ತದೆ. ಆದ್ದರಿಂದ ಹೊಸ 12ಎಫ್675 ತಂದ ಕೂಡಲೇ ಒಮ್ಮೆ ಓದಿ, ಆ ಎರಡು ಮೌಲ್ಯಗಳನ್ನು ಚಿಪ್ ಇಟ್ಟ ಡಬ್ಬಿಯ ಮೇಲೆ ಬರೆದಿಡಿ.

ಇದೇ ಚಿಪ್‌ನಲ್ಲಿ ರೀಸೆಟ್ ಪಿನ್ ಎಂಸಿಎಲ್‌ಆರ್ ಬಂದ್ ಮಾಡಿ ಒಳಗಿನ ಆಸಿಲೇಟರ್ ಬಳಸಿದರೆ ಎರಡನೇ ಸಲ ಬರ್ನರ್ ಚಿಪ್ಪನ್ನು ಗುರುತಿಸದೇ ಹೋಗಬಹುದು. ಪವರ್ ಬಂದ ತಕ್ಷಣ ಪ್ರೋಗ್ರಾಮು ಓಡಿ ಪ್ರೋಗ್ರಾಮಿಂಗ್ ಪಿನ್‌ಗಳನ್ನೇ ಔಟ್‌ಪುಟ್ ಮಾಡಿಬಿಟ್ಟಿರುತ್ತದೆ. ಪಿಕ್‌ಕಿಟ್ 2ರ ಟೂಲ್ಸ್ ಮೆನುವಿನಲ್ಲಿ ವಿಪಿಪಿ (ಪ್ರೋಗ್ರಾಮಿಂಗ್ ವೋಲ್ಟೇಜ್) ಮೊದಲು ಕೊಡುವ ಆಯ್ಕೆಗೆ ಟಿಕ್ ಹಾಕಿ, ಚಿಪ್ಪನ್ನು ಬೋರ್ಡಿನಿಂದ ತೆಗೆದು ಬರ್ನ್ ಮಾಡಿ. ಪಿಕ್‌ನಲ್ಲಿ ಕಾನ್ಫಿಗರೇಶನ್ ತಪ್ಪಾಗಿ ಚಿಪ್ ಸತ್ತೇಹೋಯಿತು ಎನ್ನುವುದು ಬಹಳ ಅಪರೂಪ. ಎಂಸಿಎಲ್‌ಆರ್‌ಗೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಪೂರ್ತಿ ಅಳಿಸಿದರೆ ಮರಳಿ ಬರುತ್ತದೆ. ಧೈರ್ಯವಾಗಿ ಪ್ರಯೋಗ ಮಾಡಬಹುದು.

ಎವಿಆರ್: ಇಲ್ಲಿ ಸೋರ್ಸ್ ಒಂದೇ ಸಾಲದು

ಎಟಿಮೆಗಾ328ಪಿ, ಎಟಿಟೈನಿ85 ಬಳಸುವವರು ಮೇಲಿನ ಸಲಹೆಯನ್ನು ಹಾಗೆಯೇ ತೆಗೆದುಕೊಂಡರೆ ಮೋಸಹೋಗುತ್ತಾರೆ. ಎವಿಆರ್‌ನಲ್ಲಿ ಇವನ್ನು ಫ್ಯೂಸ್ ಎನ್ನುತ್ತಾರೆ, 328ಪಿಗೆ ಮೂರು ಬೈಟ್: ಲೋ, ಹೈ, ಎಕ್ಸ್‌ಟೆಂಡೆಡ್. ಇಲ್ಲಿ 0 ಎಂದರೆ ಸೆಟ್ ಆಗಿದೆ ಎಂದು ಅರ್ಥ. ಸಿ ಕೋಡಿನಲ್ಲಿ ಫ್ಯೂಸೆಸ್ ಎಂಬ ಮ್ಯಾಕ್ರೋದಿಂದ ಈ ಮೌಲ್ಯಗಳನ್ನು ಬರೆಯಬಹುದು, ಆದರೆ ಅವು ಹೋಗಿ ಕೂರುವುದು ಇಎಲ್‌ಎಫ್ ಫೈಲಿನ ಪ್ರತ್ಯೇಕ ಭಾಗದಲ್ಲಿ. ಹೆಕ್ಸ್ ಫೈಲ್ ಮಾಡುವಾಗ ಸಾಮಾನ್ಯವಾಗಿ ಆ ಭಾಗವನ್ನು ಬಿಟ್ಟುಬಿಡಲಾಗುತ್ತದೆ. ನೀವು ಹೆಕ್ಸ್ ಬರ್ನ್ ಮಾಡುತ್ತೀರಿ, ಫ್ಯೂಸ್ ಬದಲಾಗುವುದಿಲ್ಲ. ಬರ್ನ್ ಮಾಡುವ ಕಮಾಂಡ್ ತಂತ್ರಾಂಶ ಎವಿಆರ್‌ಡ್ಯೂಡ್ ಇಎಲ್‌ಎಫ್ ಫೈಲಿನಿಂದ ಫ್ಯೂಸ್ ಓದಬಲ್ಲದು, ಆದರೂ ಫ್ಯೂಸ್ ಬರೆಯಬೇಕೆಂದು ಕಮಾಂಡಿನಲ್ಲಿ ಹೇಳಬೇಕು.

ಪಿಕ್‌ಗೂ ಇದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಎವಿಆರ್‌ನಲ್ಲಿ ಚಿಪ್ ಪೂರ್ತಿ ಅಳಿಸಿದರೂ ಫ್ಯೂಸ್ ಹಾಗೆಯೇ ಉಳಿಯುತ್ತವೆ. ಹಿಂದಿನ ಪ್ರಾಜೆಕ್ಟಿನ ಫ್ಯೂಸ್ ಈ ಪ್ರಾಜೆಕ್ಟಿಗೂ ಬರುತ್ತದೆ. ಆರ್ಡುಯಿನೊದಲ್ಲಿ ಯುಎಸ್‌ಬಿ ಮೂಲಕ ಅಪ್‌ಲೋಡ್ ಮಾಡಿದಾಗಲೂ ಫ್ಯೂಸ್ ಮುಟ್ಟಲಾಗುವುದಿಲ್ಲ, ಏಕೆಂದರೆ ಕೋಡು ತುಂಬಿಕೊಳ್ಳಲು ಚಿಪ್‌ನೊಳಗಿರುವ ಸಣ್ಣ ಪ್ರೋಗ್ರಾಮು ಬೂಟ್‌ಲೋಡರ್‌ಗೆ ಫ್ಯೂಸ್ ಬರೆಯುವ ಅಧಿಕಾರವೇ ಇಲ್ಲ. ಬರ್ನ್ ಬೂಟ್‌ಲೋಡರ್ ಒತ್ತಿದಾಗ ಮಾತ್ರ ಬೋರ್ಡಿನಲ್ಲಿರುವಾಗಲೇ ಚಿಪ್‌ಗೆ ಬರೆಯುವ ಹೊರಗಿನ ಐಎಸ್‌ಪಿ ಬರ್ನರ್ ಮೂಲಕ ಅವು ಬರೆಯಲ್ಪಡುತ್ತವೆ.

ಹೊಸ 328ಪಿ ಚಿಪ್ ಬರುವುದು ಲೋ 62, ಹೈ ಡಿ9, ಎಕ್ಸ್‌ಟೆಂಡೆಡ್ ಎಫ್‌ಎಫ್ ಮೌಲ್ಯದೊಂದಿಗೆ. ಅಂದರೆ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಸ್. ಎಫ್_ಸಿಪಿಯು 8 ಮೆಗಾಹರ್ಟ್ಸ್ ಎಂದು ಬರೆದ ಕೋಡನ್ನು ಇದಕ್ಕೆ ಹಾಕಿದರೆ ಒಂದು ಸೆಕೆಂಡಿನ ಮಿನುಗು ಎಂಟು ಸೆಕೆಂಡ್ ಆಗುತ್ತದೆ, 9600 ಬಾಡ್ ಎಂದು ಹೊಂದಿಸಿದ ಸೀರಿಯಲ್ 1200ರಲ್ಲಿ ಮಾತಾಡುತ್ತದೆ. ಟರ್ಮಿನಲ್ಲಿನಲ್ಲಿ ಕಸ ಕಂಡರೆ ವೇಗ 1200ಕ್ಕೆ ಇಳಿಸಿ ನೋಡಿ. ಅಕ್ಷರ ಸ್ವಚ್ಛವಾಗಿ ಬಂದರೆ ಕೋಡಿನಲ್ಲಿ ದೋಷವಿಲ್ಲ, ಎಂಟರಿಂದ ಭಾಗಿಸುವ ಫ್ಯೂಸ್ ಇನ್ನೂ ಹಾಗೆಯೇ ಇದೆ. ಲೋ ಇ2 ಬರೆದರೆ ಒಳಗಿನ ಪೂರ್ತಿ 8 ಮೆಗಾಹರ್ಟ್ಸ್ ಸಿಗುತ್ತದೆ. ಹೊರಗಿನ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಆರ್ಡುಯಿನೊ ಊನೊ ಲೋ ಎಫ್‌ಎಫ್ ಬಳಸುತ್ತದೆ. ಮೋಟರ್, ಕಾಂಟ್ಯಾಕ್ಟರ್ ಹತ್ತಿರ ಇರುವ ಬೋರ್ಡಿಗೆ ಅದರ ಬದಲು ಎಫ್7 ಒಳ್ಳೆಯದು. ಕ್ರಿಸ್ಟಲ್ ಪೂರ್ತಿ ವೋಲ್ಟೇಜಿನಲ್ಲಿ ಓಲಾಡುವುದರಿಂದ ಗದ್ದಲವನ್ನು ತಡೆದುಕೊಳ್ಳುತ್ತದೆ, ಕರೆಂಟು ಸ್ವಲ್ಪ ಹೆಚ್ಚು ತಿನ್ನುತ್ತದೆ. 328ಪಿಬಿ ಚಿಪ್‌ನಲ್ಲಿ ಈ ಆಯ್ಕೆ ಇಲ್ಲ, ಕೊಳ್ಳುವಾಗ ಕೊನೆಯ ಅಕ್ಷರ ನೋಡಿ.

ಫ್ಯೂಸ್ ಬರೆಯಲು ಮೂರು ದಾರಿಗಳಲ್ಲಿ ನನ್ನ ಆಯ್ಕೆ ಸ್ಕ್ರಿಪ್ಟ್. ಮೇಕ್‌ಫೈಲಿನಲ್ಲೋ ಬ್ಯಾಚ್ ಫೈಲಿನಲ್ಲೋ ಎವಿಆರ್‌ಡ್ಯೂಡಿನ ಒಂದು ಸಾಲು, ಅದರಲ್ಲಿ ಮೂರು ಫ್ಯೂಸ್‌ಗಳ ಮೌಲ್ಯ. ಆ ಫೈಲ್ ಕೋಡಿನ ಫೋಲ್ಡರಿನಲ್ಲೇ ಇರಬೇಕು. ಸೋರ್ಸಿನ ಶಿಸ್ತೂ ಇದರಲ್ಲಿದೆ, ಬರ್ನರಿನ ಖಚಿತತೆಯೂ ಇದೆ. ಕಿಟಕಿಯ ತಂತ್ರಾಂಶದಲ್ಲಿ ಕೆಲವು ಕಡೆ ಟಿಕ್ ಎಂದರೆ 0, ಕೆಲವು ಕಡೆ 1. ಆ ಒಂದು ಗೊಂದಲಕ್ಕೆ ಎಷ್ಟೋ ಚಿಪ್‌ಗಳು ಮೂಲೆ ಸೇರಿವೆ.

ಏಕೆಂದರೆ ಎವಿಆರ್‌ನಲ್ಲಿ ತಪ್ಪಿಗೆ ದಂಡ ಜಾಸ್ತಿ. ರೀಸೆಟ್ ಪಿನ್ ಬಂದ್ ಮಾಡುವ ಆರ್‌ಎಸ್‌ಟಿಡಿಐಎಸ್‌ಬಿಎಲ್ ಫ್ಯೂಸ್ ಸೆಟ್ ಆದರೆ ಐಎಸ್‌ಪಿ ಬರ್ನರ್ ಮತ್ತೆ ಒಳಗೆ ಹೋಗುವುದಿಲ್ಲ. 12 ವೋಲ್ಟ್ ಕೊಡುವ ಹೈವೋಲ್ಟೇಜ್ ಬರ್ನರ್ ಬೇಕು, 328ಪಿಗೆ ಪ್ಯಾರಲಲ್ ವಿಧಾನ, ಟೈನಿ85ಕ್ಕೆ ಸೀರಿಯಲ್ ವಿಧಾನ. ಕ್ರಿಸ್ಟಲ್ ಇಲ್ಲದ ಬೋರ್ಡಿನಲ್ಲಿ ಹೊರಗಿನ ಕ್ರಿಸ್ಟಲ್ ಎಂದು ಆರಿಸಿದ್ದರೆ ಅದಕ್ಕೆ ಮದ್ದಿದೆ. ಕ್ರಿಸ್ಟಲ್ ಮತ್ತು ಎರಡು ಕೆಪಾಸಿಟರ್ ಹಾಕಿ, ಅಥವಾ ಇನ್ನೊಂದು ಆರ್ಡುಯಿನೊದಿಂದ ಕ್ಲಾಕ್ ಅಲೆಯನ್ನು ಎಕ್ಸ್‌ಟಾಲ್1 ಕಾಲಿಗೆ ಕೊಡಿ, 28 ಕಾಲಿನ 328ಪಿಯಲ್ಲಿ ಅದು 9ನೇ ಕಾಲು. ನಂತರ ಫ್ಯೂಸ್ ಸರಿಪಡಿಸಿ. 1 ಮೆಗಾಹರ್ಟ್ಸ್‌ನ ಚಿಪ್ ಸಿಗದಿದ್ದರೆ ಬರ್ನರ್ ಅವಸರ ಮಾಡುತ್ತಿದೆ ಎಂದರ್ಥ. ಐಎಸ್‌ಪಿ ಕ್ಲಾಕ್ ಚಿಪ್‌ನ ಕ್ಲಾಕಿನ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಎವಿಆರ್‌ಡ್ಯೂಡಿನ ದೊಡ್ಡ ಬಿ ಆಯ್ಕೆಗೆ 10 ಕೊಟ್ಟರೆ ಸುಮಾರು 100 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಸಾಮಾನ್ಯವಾಗಿ ಸಾಕು.

ನಮ್ಮ ಕಡೆಯ ಬಿಸಿಲು, ನಮ್ಮ ಕಡೆಯ ಕರೆಂಟು

ಎಲ್ಲಿ ಬರೆದರೂ ಸರಿ, ವೋಲ್ಟೇಜ್ ಇಳಿದಾಗ ರೀಸೆಟ್ ಮಾಡುವ ಬ್ರೌನ್‌ಔಟ್ ಬಿಟ್ಟನ್ನು ಮಾತ್ರ ಮರೆಯಬೇಡಿ. ಹಳ್ಳಿಯ ಹೊಲದಲ್ಲಿ ಪಂಪಿನ ಮೋಟರ್ ಎತ್ತಿಕೊಳ್ಳುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಬೋರ್ಡಿನ 5 ವೋಲ್ಟ್ ಕೂಡ ಒಂದು ಕ್ಷಣ ಅಲುಗುತ್ತದೆ. ಬ್ರೌನ್‌ಔಟ್ ಇಲ್ಲದಿದ್ದರೆ ಕಡಿಮೆ ವೋಲ್ಟೇಜಿನಲ್ಲಿ ಚಿಪ್ ತಪ್ಪು ಇನ್‌ಸ್ಟ್ರಕ್ಷನ್ ಓಡಿಸಿ ಕರೆಂಟು ಹೋದರೂ ಉಳಿಯುವ ಇಇಪ್ರಾಮ್ ಮೆಮೊರಿಯಲ್ಲಿ ರೈತ ಹೊಂದಿಸಿಟ್ಟ ಟೈಮರನ್ನೇ ಕೆಡಿಸಿಬಿಡಬಹುದು. 16ಎಫ್877ಎದಲ್ಲಿ ಈ ಮಿತಿ ಸುಮಾರು 4 ವೋಲ್ಟ್, ಆನ್ ಎಂದರೆ ಸಾಕು. 328ಪಿಯಲ್ಲಿ ಮೂರು ಮೆಟ್ಟಿಲುಗಳಿವೆ: 1.8, 2.7, 4.3 ವೋಲ್ಟ್. ಫ್ಯಾಕ್ಟರಿಯಿಂದ ಬರುವಾಗ ಇದು ಬಂದ್. 5 ವೋಲ್ಟಿನಲ್ಲಿ 16 ಮೆಗಾಹರ್ಟ್ಸ್ ಓಡಿಸುವ ಬೋರ್ಡಿಗೆ ಎಕ್ಸ್‌ಟೆಂಡೆಡ್ ಎಫ್‌ಸಿ ಬರೆದು 4.3 ಇಡಿ. ಎಫ್‌ಡಿ ಬರೆದರೆ 2.7, ಬ್ಯಾಟರಿ ಬೋರ್ಡಿಗೆ ಅದು ಸರಿ. ಇಇಪ್ರಾಮ್ ಮುಖ್ಯವಾಗಿದ್ದರೆ ಹೈ ಫ್ಯೂಸ್ ಡಿ9ರ ಬದಲು ಡಿ1 ಮಾಡಿ, ಚಿಪ್ ಅಳಿಸಿ ಹೊಸ ಕೋಡು ಹಾಕಿದರೂ ಹಳೆಯ ಸೆಟ್ಟಿಂಗ್ ಉಳಿಯುತ್ತದೆ.

877ಎದ ಪವರ್-ಅಪ್ ಟೈಮರ್ ಸುಮಾರು 72 ಮಿಲಿಸೆಕೆಂಡ್ ತಡೆದು ಸುರು ಮಾಡುತ್ತದೆ. ಕರೆಂಟು ಹೋಗಿ ಬರುವ ಕಡೆ ಅದು ಆನ್ ಇರಲಿ. ವಾಚ್‌ಡಾಗಿನ ಅವಧಿ ಪ್ರೀಸ್ಕೇಲರ್ ಇಲ್ಲದೆ ಸುಮಾರು 18 ಮಿಲಿಸೆಕೆಂಡ್, 128ರಿಂದ ಗುಣಿಸಿದರೆ ಸುಮಾರು 2.3 ಸೆಕೆಂಡ್. ಅದು ಒಳಗಿನ ಆರ್‌ಸಿಯಿಂದ ನಡೆಯುವುದರಿಂದ ಬಿಸಿಯಾದಂತೆ ಬದಲಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿಗೆ ಇಟ್ಟ ತಗಡಿನ ಪ್ಯಾನೆಲ್ ಒಳಗೆ ಹೊರಗಿನ 43, 44 ಡಿಗ್ರಿಗಿಂತಲೂ ಬಹಳ ಹೆಚ್ಚಿರುತ್ತದೆ. ಎರಡು ಸೆಕೆಂಡ್ ಇದೆ ಎಂದು ಎರಡು ಸೆಕೆಂಡಿನ ಕೆಲಸ ತುಂಬಬೇಡಿ, ಅರ್ಧ ಸೆಕೆಂಡಿಗೊಮ್ಮೆ ವಾಚ್‌ಡಾಗನ್ನು ತಟ್ಟುತ್ತಿರಿ.

ಯಾರಿಗೆ ಯಾವುದು

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಪಿಕ್ ಆದರೆ ಸೋರ್ಸ್, ಬೇರೆ ಯೋಚನೆ ಬೇಡ. ಲ್ಯಾಬಿನ ಕಂಪ್ಯೂಟರ್ ಬದಲಾದರೂ, ಪರೀಕ್ಷೆಯ ದಿನ ಬೇರೆ ಬರ್ನರ್ ಕೊಟ್ಟರೂ ಹೆಕ್ಸ್ ಅದೇ. ಎವಿಆರ್ ಆದರೆ ಯುಎಸ್‌ಬಿಎಎಸ್‌ಪಿ ಬರ್ನರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹೈದರಾಬಾದಿನ ಕೋಠಿಗೆ ಹೋಗುವವರಿದ್ದರೆ ತರಿಸಿಕೊಳ್ಳಿ. ಅದೂ ಬೇಡವೆಂದರೆ ಕೈಯಲ್ಲಿರುವ ಊನೊವನ್ನೇ ಐಎಸ್‌ಪಿ ಮಾಡಿಕೊಳ್ಳಬಹುದು. 10, 11, 12, 13ನೇ ಪಿನ್‌ಗಳಿಂದ ತಂತಿ ಎಳೆದು, ಊನೊದ ರೀಸೆಟ್ ಮತ್ತು ಗ್ರೌಂಡ್ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಸ್ಕೆಚ್ ಹಾಕಿದ ಮೇಲೆ ಕೆಪಾಸಿಟರ್ ಸೇರಿಸಬೇಕು, ಮೊದಲೇ ಸೇರಿಸಿದರೆ ಅಪ್‌ಲೋಡೇ ಆಗುವುದಿಲ್ಲ.

ರಿಪೇರಿ ಅಂಗಡಿಗೆ ಕಿಟಕಿಯ ತಂತ್ರಾಂಶ ಬೇಕೇ ಬೇಕು. ಓದಿದ ಪ್ರತಿ ಚಿಪ್‌ನ ಕಾನ್ಫಿಗರೇಶನ್ ವರ್ಡನ್ನು ಮಾಡೆಲ್ ಹೆಸರಿನೊಂದಿಗೆ ವಹಿಯಲ್ಲಿ ಬರೆದಿಡುವ ರೂಢಿ ಮಾಡಿಕೊಂಡರೆ ಮುಂದಿನ ಸಲ ಅರ್ಧ ದಿನ ಉಳಿಯುತ್ತದೆ. ಹಲವು ಕಂಪನಿಯ ಚಿಪ್ ಬರುವ ಅಂಗಡಿಯಾದರೆ ಯುನಿವರ್ಸಲ್ ಬರ್ನರ್ ಕೊಳ್ಳಿ. ಅದರಲ್ಲಿ ಬರ್ನ್ ಒತ್ತುವ ಮೊದಲು ಕಾನ್ಫಿಗರೇಶನ್ ಭಾಗಕ್ಕೆ ಟಿಕ್ ಇದೆಯೇ ನೋಡಿ. ಬರೀ ಕೋಡ್ ಎಂದು ಆರಿಸಿದ್ದರೆ ಹೆಕ್ಸಿನಲ್ಲಿ ಎಲ್ಲ ಸರಿಯಿದ್ದರೂ ಚಿಪ್‌ಗೆ ಹೋಗುವುದಿಲ್ಲ.

ನೂರಾರು ಪಂಪ್ ಕಂಟ್ರೋಲರ್ ಮಾಡಿ ಮಾರುವವರಿಗೆ ಎರಡೂ ಬೇಕು. ಕ್ಲಾಕ್, ಬ್ರೌನ್‌ಔಟ್, ವಾಚ್‌ಡಾಗ್ ಸೋರ್ಸಿನಲ್ಲಿ, ಎವಿಆರ್ ಆದರೆ ಸ್ಕ್ರಿಪ್ಟಿನಲ್ಲಿ. ಸೀರಿಯಲ್ ನಂಬರ್ ಬರ್ನ್ ಮಾಡುವ ಮೇಜಿನಲ್ಲಿ, ಅದಕ್ಕೆ ಎಂಪ್ಲ್ಯಾಬ್ ಐಪಿಇಯಲ್ಲಿ ಎಸ್‌ಕ್ಯುಟಿಪಿ ಎಂಬ ಸೌಲಭ್ಯವಿದೆ, ಪ್ರತಿ ಚಿಪ್‌ಗೂ ಮುಂದಿನ ಅಂಕಿಯನ್ನು ತಾನೇ ಬರೆಯುತ್ತದೆ. ಕೋಡ್ ಪ್ರೊಟೆಕ್ಷನ್ನನ್ನು ಅಭಿವೃದ್ಧಿಯ ಹೊತ್ತಿನಲ್ಲಿ ಹಾಕಬೇಡಿ, ಚಿಪ್ಪಿನಿಂದ ಓದಿ ಪರೀಕ್ಷಿಸುವ ದಾರಿ ಮುಚ್ಚಿಹೋಗುತ್ತದೆ. ಬಿಡುಗಡೆಗೆ ಬೇರೆ ಬಿಲ್ಡ್ ಮಾಡಿ ಅದರಲ್ಲಿ ಆನ್ ಮಾಡಿ. ಎವಿಆರ್‌ನಲ್ಲಿ ಮೊದಲು ಫ್ಯೂಸ್, ನಂತರ ಕೋಡು, ಎಲ್ಲ ತಾಳೆ ನೋಡಿ ಕೊನೆಗೆ ಲಾಕ್ ಬಿಟ್. ಲಾಕ್ ಬಿಟ್ ಮೊದಲೇ ಬರೆದರೆ ಫ್ಯೂಸ್ ಕೂಡ ಬೀಗ ಬೀಳುತ್ತದೆ, ಚಿಪ್ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ ಸುರು ಮಾಡಬೇಕು.

ಎಸ್‌ಟಿಎಂ32 ಕಡೆ ಹೋಗುವವರಿಗೆ ಒಂದೇ ಎಚ್ಚರಿಕೆ. ಅಲ್ಲಿ ಕಾನ್ಫಿಗರೇಶನ್ ಬಿಟ್‌ಗಳ ಜಾಗದಲ್ಲಿರುವ ಆಪ್ಷನ್ ಬೈಟ್‌ಗಳನ್ನು ಓಡುತ್ತಿರುವ ಕೋಡಿನಿಂದಲೂ ಬದಲಿಸಬಹುದು, ಕ್ಯೂಬ್ ಪ್ರೋಗ್ರಾಮರಿನಿಂದಲೂ ಬದಲಿಸಬಹುದು. ಎಫ್4 ಸರಣಿಯಲ್ಲಿ ರೀಡ್ ಪ್ರೊಟೆಕ್ಷನ್ ಲೆವೆಲ್ 1ರಿಂದ ಹಿಂದೆ ಬಂದರೆ ಫ್ಲ್ಯಾಶ್ ಪೂರ್ತಿ ಅಳಿಯುತ್ತದೆ, ಲೆವೆಲ್ 2ರಿಂದ ಹಿಂದೆ ಬರುವ ದಾರಿಯೇ ಇಲ್ಲ. ಇಎಸ್‌ಪಿ32ರ ಇಫ್ಯೂಸ್ ಕೂಡ ಒಮ್ಮೆ ಸುಟ್ಟರೆ ಮುಗಿಯಿತು. ಇಂಥವನ್ನು ಕೋಡಿನಲ್ಲಿ ಬರೆಯದೆ ಪ್ರತ್ಯೇಕ ಸ್ಕ್ರಿಪ್ಟಿನಲ್ಲಿಟ್ಟು, ಒಂದು ಚಿಪ್‌ನ ಮೇಲೆ ಪರೀಕ್ಷಿಸಿ, ಆಮೇಲೆ ಉಳಿದವಕ್ಕೆ ಹಾಕಿ.

ಮಾರುವ ಬೋರ್ಡುಗಳಲ್ಲಿ ಪ್ರತಿ ಬ್ಯಾಚಿನಿಂದ ಒಂದು ಚಿಪ್ಪನ್ನು ಬರ್ನ್ ಆದ ಮೇಲೆ ಮರಳಿ ಓದಿ, ಕಾನ್ಫಿಗರೇಶನ್ ವರ್ಡನ್ನು ಅಥವಾ ಮೂರು ಫ್ಯೂಸ್‌ಗಳನ್ನು ಬಿಲ್ಡ್ ಫೋಲ್ಡರಿನ ಮೌಲ್ಯದ ಜೊತೆ ತಾಳೆ ನೋಡಿ. ತಾಳೆಯಾದರೆ ಹೆಕ್ಸ್ ಫೈಲಿನ ಚೆಕ್‌ಸಮ್ ಮತ್ತು ವರ್ಷನ್ ನಂಬರನ್ನು ಸಣ್ಣ ಸ್ಟಿಕ್ಕರಿನಲ್ಲಿ ಬರೆದು ಚಿಪ್ ಮೇಲೆ ಅಂಟಿಸಿ. ಎರಡು ವರ್ಷದ ಮೇಲೆ ಆ ಬೋರ್ಡ್ ಚಿಂಚೋಳಿಯಿಂದಲೋ ಶಹಾಪುರದಿಂದಲೋ ರಿಪೇರಿಗೆ ಬಂದರೆ ಯಾವ ಫೋಲ್ಡರ್ ತೆರೆಯಬೇಕು ಎಂದು ಹುಡುಕಾಡುವ ಕೆಲಸವಿರುವುದಿಲ್ಲ.